ಬೈಕಿಗೆ ಮೂರು ಬೀಗ

ಮಗಳೇ,

ನಿನ್ನ ಬೈಕು ಕ್ಷೇಮ. ಯಾವ ರಾಜನ ಖಜಾನೆಗೂ ಇಷ್ಟು ಬಂದೋಬಸ್ತ್ ಇದ್ದಿರಲಾರದು! ಹ್ಯಾಂಡಲ್ ಲಾಕು, ಮುಂದಿನ ಚಕ್ರಕ್ಕೊಂದು ಬೀಗ, ಹಿಂದಿನ ಚಕ್ರಕ್ಕೆ ಸರಪಳಿ. ಆ ಸರಪಳಿಯ ಇನ್ನೊಂದು ತುದಿ ನನ್ನ ಮಂಚದ ಕಾಲಿಗೆ. ಹೌದು, ಬೈಕು ಹಜಾರದಲ್ಲಿದೆ, ಪಕ್ಕದಲ್ಲೇ ನಾನು. ಈ ತಿಂಗಳು ನಮ್ಮ ಬೀದಿಯಲ್ಲೇ ಎರಡು ಗಾಡಿ ಕಳುವಾಗಿವೆ.

ನಿನ್ನೆ ನಿನ್ನ ಮೆಕ್ಯಾನಿಕ್ ಚೀಟಿ ಹಿಡಿದು ಬಂದ. "ಅಕ್ಕ ಕಳಿಸಿದಾರೆ, ಗಾಡಿ ಕೊಡಿ ಯಜಮಾನ್ರೇ" ಎಂದ. ಅಕ್ಷರ ನಿನ್ನದೇ. ಆದರೆ ಮೂವತ್ತು ವರ್ಷ ನಾಟಕದಲ್ಲಿ ರಾಜನ ಪಾತ್ರ ಮಾಡಿ, ದೂತ ತಂದ ಓಲೆಯನ್ನು ನಂಬಿ ನಂಬಿ ನಾನು ಎಷ್ಟು ರಾಜ್ಯ ಕಳೆದುಕೊಂಡಿಲ್ಲ! "ನನ್ನ ಮಗಳು ಸಿಟ್ಟು ಬಂದ್ರೆ ನನ್ನನ್ನ ಏನಂತ ಕರೀತಾಳೆ? ಹೇಳು, ಬೀಗ ತೆಗೀತೀನಿ!" ಎಂದು ಗರ್ಜಿಸಿದೆ. ಅವನು ತಲೆ ಕೆರೆದುಕೊಂಡು, "ನಿಮಗಿಂತ ಕಳ್ಳರೇ ವಾಸಿ" ಎಂದು ಗೊಣಗುತ್ತ ಹೋದ.

ನೀನು ಮನೆ ಬಿಟ್ಟ ದಿನದ ಜಗಳದಲ್ಲಿ "ಹೋಗೋದಾದ್ರೆ ನಡ್ಕೊಂಡೇ ಹೋಗು" ಎಂದವನು ನಾನೇ. ನೀನು ನಿಜವಾಗಿಯೂ ನಡೆದೇ ಹೋಗುತ್ತೀಯ ಎಂದುಕೊಂಡಿರಲಿಲ್ಲ. ಈಗ ಕೆಲಸಕ್ಕೆ ಎರಡು ಬಸ್ಸು ಬದಲಿಸುತ್ತೀಯಂತೆ, ಮೆಕ್ಯಾನಿಕ್ ಹೇಳಿದ.

ಆದ್ದರಿಂದ ಭಾನುವಾರ ನೀನೇ ಬಾ. ಬ್ಯಾಟರಿ ಇಳಿಯದಿರಲೆಂದು ದಿನಾ ಸ್ಟಾರ್ಟ್ ಮಾಡುತ್ತಿದ್ದೇನೆ. ಜಗಳದ ದಿನ ಗೇಟಿನಿಂದ ನೀನು ಸಿಟ್ಟಿನಲ್ಲಿ ನನ್ನನ್ನು ಕೂಗಿದ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರ ಕಳ್ಳರ ಕೈಗೂ ಸಿಗಬಹುದು. ಅದೇ ಗೇಟಿನಲ್ಲಿ ನಿಂತು ಅದನ್ನೇ ಕೂಗು. ಬೀದಿಗೆಲ್ಲ ಕೇಳಿಸಲಿ, ಪರವಾಗಿಲ್ಲ. ಓಡಿ ಬಂದು ಬಾಗಿಲು ತೆಗೆಯುತ್ತೇನೆ.

ಮೂರೂ ಬೀಗದ ಕೈ ಜೇಬಿನಲ್ಲಿಟ್ಟುಕೊಂಡಿರುವ
ನಿನ್ನ ಅಪ್ಪ