ಬೆನ್ನಿಗೆ ಎರಡು ಸಲ ತಟ್ಟಿದರೆ

ಅರಸೀಕೆರೆ
6 ಮೇ 2025, ಮಂಗಳವಾರ

ನನ್ನ ಮುದ್ದು ಜೆಸಿಂತಾ,

ಅಮ್ಮನ ಸ್ತೋತ್ರ, ಜೊತೆಗೆ ಎರಡು ಕೆನ್ನೆಗೂ ಮುತ್ತು. ಹೇಗಿದ್ದೀಯೇ? ಮೈಸೂರಿನಲ್ಲೂ ಬಿಸಿಲು ಸುಡುತ್ತಿದೆಯಂತೆ. ಹೋದ ಸಲ ನೋಡಲು ಬಂದಾಗ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಉಪವಾಸದ ದಿನ ಉಪವಾಸ ಮಾಡು, ಉಳಿದ ದಿನ ನೆಟ್ಟಗೆ ಊಟ ಮಾಡು. ಕಾನ್ವೆಂಟಿನ ಸಾರಿಗೆ ಉಪ್ಪೇ ಇರುವುದಿಲ್ಲ ಎಂದು ಬರೆದಿದ್ದೀಯ. ನಾನು ಒಂದು ದಿನ ಉಪ್ಪು ಮರೆತರೆ ತಟ್ಟೆ ತಳ್ಳುತ್ತಿದ್ದವಳು ಈಗ ಸುಮ್ಮನೆ ಉಣ್ಣುತ್ತೀಯ ಎಂದರೆ, ದೇವರು ನಿನ್ನನ್ನು ಕರೆದದ್ದು ನಿಜವೇ ಇರಬೇಕು. ನಾವು ಇಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ನೋವು ಹಾಗೇ ಇದೆ, ಆದರೆ ನಿಮ್ಮಪ್ಪನ ಯೆಜ್ಡಿ ಬೈಕ್ ಹತ್ತುವುದಕ್ಕೆ ಮಾತ್ರ ಅದು ಅಡ್ಡ ಬರುವುದಿಲ್ಲ. ಪಕ್ಕದ ಮನೆ ರುಕ್ಮಿಣಮ್ಮ ಮೊನ್ನೆಯೂ ಕಾಂಪೌಂಡಿನ ಮೇಲಿಂದ ಕೂಗಿದರು: "ಏನ್ರೀ ಫಿಲೋಮಿನಮ್ಮ, ಸಂತೆಗೆ ಕರೆದ್ರೆ ಮಂಡಿ ನೋವು, ಯಜಮಾನ್ರ ಹಿಂದೆ ಕೂರೋಕೆ ಹದಿನೆಂಟು ವರ್ಷ!" ನಾನು ಹೆಲ್ಮೆಟ್ ಹಾಕಿಕೊಂಡು, ಕೇಳಿಸಲಿಲ್ಲ ಎನ್ನುವ ಹಾಗೆ ಕೈಬೀಸಿದೆ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಈ ತಿಂಗಳ ಮೂವತ್ತೊಂದಕ್ಕೆ ನಿನ್ನ ಮೊದಲ ವ್ರತ. ಅಂದು ತಂದೆ ತಾಯಿ ಅಕ್ಕಪಕ್ಕ ನಿಂತು ಮಗಳನ್ನು ಪೀಠದ ತನಕ ಕರೆದುಕೊಂಡು ಹೋಗಬೇಕು, ಅವರ ಹೆಸರನ್ನು ಹದಿನೈದನೇ ತಾರೀಕಿನೊಳಗೆ ಕಾನ್ವೆಂಟಿನ ಮದರ್‌ಗೆ ಕೊಡಬೇಕು, ಅಪ್ಪ ಬರುತ್ತಾರೋ ಇಲ್ಲ ನನ್ನ ಹೆಸರೊಂದೇ ಕೊಡಬೇಕೋ ಎಂದು ನೀನು ಕೇಳಿದ್ದೆ. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಎದ್ದೆ. ಏನೆಂದು ಬರೆಯಲಿ? ಮೂರು ವರ್ಷದ ಹಿಂದೆ ಇದೇ ಅರಸೀಕೆರೆ ಸ್ಟೇಷನ್ನಿನಲ್ಲಿ ನಿನ್ನ ಚೀಲವನ್ನು ಮೈಸೂರು ರೈಲಿಗೆ ಹತ್ತಿಸಿ, "ಇವತ್ತಿಂದ ನೀನ್ಯಾರೋ ನಾನ್ಯಾರೋ" ಎಂದು ಹೇಳಿ, ರೈಲು ಹೊರಡುವ ಮೊದಲೇ ಹೊರಟುಬಂದ ಮನುಷ್ಯ ಅವರು. ಅಂದಿನಿಂದ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ನೀನು ಅವರ ಹೆಸರಿಗೆ ಕಳಿಸಿದ ವ್ರತದ ಆಮಂತ್ರಣ ಕ್ಯಾಲೆಂಡರಿನ ಹಿಂದೆ ಹಾಗೇ ಇತ್ತು, ಲಕೋಟೆ ಕೂಡ ಒಡೆದಿರಲಿಲ್ಲ. ದಿನಾ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವವರು. ಊರವರ ಮಗಳು ಸಿಸ್ಟರ್ ಆದರೆ ಎದ್ದು ಕೈಮುಗಿಯುವವರು. ತಮ್ಮ ಮಗಳು ಮಾತ್ರ ಆಗಬಾರದು! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆದರೂ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬೆಳೆಸಿದ ಒಬ್ಬಳೇ ಮಗಳಲ್ಲವೇ ನೀನು, ಅವರ ಹೊಟ್ಟೆಯ ಸಂಕಟ ನನಗೂ ಗೊತ್ತು. ಅದಕ್ಕೇ ಜಗಳ ಆಡದೆ ಸುಮ್ಮನಿದ್ದೆ. ಈಗ ಹೋದ ಶುಕ್ರವಾರ ನಡೆದದ್ದನ್ನು ನಿನಗೆ ಹೇಳಲೇಬೇಕು.

ತಿಂಗಳ ಮೊದಲ ಶುಕ್ರವಾರ ಬಂತೆಂದರೆ ನಮ್ಮಿಬ್ಬರ ಸವಾರಿ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸ್ವಾಮಿಗಳು ಪರಮಪ್ರಸಾದವನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೊಡುತ್ತಾರೆ, ನಿಮ್ಮಪ್ಪ ಅದನ್ನು ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಾರೆ. ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಹಗರೆ, ಆಮೇಲೆ ಬೇಲೂರು. ಹಾಸಿಗೆ ಹಿಡಿದು ಚರ್ಚಿಗೆ ಬರಲಾಗದ ನಾಲ್ಕು ಜನರಿಗೆ ಕೊಟ್ಟು ಬರುತ್ತೇವೆ. ಪ್ರಸಾದದ ರೂಪದಲ್ಲಿ ಯೇಸುಸ್ವಾಮಿಯೇ ಜೊತೆಯಲ್ಲಿದ್ದಾಗ ದಾರಿಯಲ್ಲಿ ಹರಟಬಾರದು, ಎಲ್ಲೂ ನಿಲ್ಲಬಾರದು ಎಂದು ಹಿಂದಿನ ಸ್ವಾಮಿಗಳು ಹೇಳಿಕೊಟ್ಟಿದ್ದರು. ಹೇಳಿಕೇಳಿ ನಿಮ್ಮಪ್ಪ ರೈಲ್ವೆ ಸಿಗ್ನಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು, ಅವರಿಗೆ ಕೆಂಪು ಅಂದರೆ ಕೆಂಪೇ. ಮಾತಿಲ್ಲದ್ದರಿಂದ ನಮ್ಮ ಹಳೇ ಲೆಕ್ಕವೇ ನಡೆಯುತ್ತದೆ. ಬೆನ್ನಿಗೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸಿ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ನಾನು ಎರಡು ತಟ್ಟಿದಾಗ ಅವರು ನಿಲ್ಲಿಸದೆ ಹೋದದ್ದು ಎರಡೇ ಸಲ. ಒಂದು ಈ ಶುಕ್ರವಾರ. ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಹಳೇಬೀಡಿನ ಮನೆ ಮುಗಿಸಿ, ಬಸ್ತಿಹಳ್ಳಿ ದಾಟಿ ಹಗರೆ ಕಡೆ ಹೋಗುತ್ತಿದ್ದೆವು. ರಸ್ತೆಯ ತಿರುವಿನಲ್ಲಿ ಒಂದು ಮೊಪೆಡ್ ಮಗುಚಿ ಬಿದ್ದಿತ್ತು. ಎರಡು ಹಾಲಿನ ಕ್ಯಾನು ಉರುಳಿ, ಡಾಂಬರಿನ ಮೇಲೆಲ್ಲ ಹಾಲು ಹರಿದಿತ್ತು. ಪಕ್ಕದಲ್ಲಿ ವಯಸ್ಸಾದವರೊಬ್ಬರು ಕಾಲು ಹಿಡಿದುಕೊಂಡು ಕೂತಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು. ನಾನು ಎರಡು ಸಲ ತಟ್ಟಿದೆ. ನಿಮ್ಮಪ್ಪ ಎದೆಯ ಜೇಬಿನ ಮೇಲೆ ಒಂದು ಕೈಯಿಟ್ಟು, ಗಾಡಿಯನ್ನು ಹಾಲಿನ ಪಕ್ಕದಿಂದ ಜಾಗ್ರತೆಯಾಗಿ ದಾಟಿಸಿ ಮುಂದಕ್ಕೆ ಹೋಗಿಯೇಬಿಟ್ಟರು. ಬರೀ ಅವರ ಮೇಲೆ ತಪ್ಪು ಹೊರಿಸುವುದಿಲ್ಲ ಕಣೇ. ನನಗೂ ಬಾಯಿತ್ತು, ಕೂಗಬಹುದಿತ್ತು. ಪ್ರಸಾದ ಇದೆ, ಮಾತಾಡಬಾರದು ಎಂದು ನಾನೂ ತುಟಿ ಬಿಗಿದುಕೊಂಡೇ ಕೂತೆ. ದಾರಿಯಲ್ಲಿ ಬಿದ್ದವನನ್ನು ಕಂಡೂ ದಾಟಿ ಹೋದ ಬೈಬಲಿನ ಯಾಜಕನ ಕಥೆಯನ್ನು ಎಷ್ಟು ಭಾನುವಾರ ಕೇಳಿದ್ದೇವೆ! ಪ್ರತಿ ಸಲವೂ ಆ ಯಾಜಕನ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಹಗರೆಯಲ್ಲಿ ಆರೋಗ್ಯಮ್ಮಜ್ಜಿ ಎಂದಿನ ಹಾಗೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿಸಿಕೊಂಡು ಕಾಯುತ್ತಿದ್ದರು. ನಿನಗೆ ನೆನಪಿರಬೇಕು, ಆ ಕಾಲದಲ್ಲಿ ಸೈಕಲ್ ತುಳಿದು ಸುತ್ತಮುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸಮ್ಮ. ಸೊಂಟದ ಮೂಳೆ ಮುರಿದು ಮೂರು ವರ್ಷವಾಯಿತು, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ. ನಿಮ್ಮಪ್ಪ ಡಬ್ಬಿ ತೆರೆದು ಪ್ರಾರ್ಥನೆ ಶುರು ಮಾಡಿದರು. ಎರಡನೇ ಸಾಲಿಗೇ ನಿಂತುಹೋಯಿತು. ಡಬ್ಬಿ ಮತ್ತೆ ಮುಚ್ಚಿದರು. ಅಜ್ಜಿ ಬಿಡುತ್ತಾರೆಯೇ? ಏನಾಯಿತು ಹೇಳು ಎಂದು ಹಟ ಹಿಡಿದರು. ನಿಮ್ಮಪ್ಪ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಬಾಯಿ ತೆರೆದು ಕೇಳುತ್ತಿದ್ದ ಅಜ್ಜಿ ಅಂದರು: "ಅಲ್ಲ ಕಣೋ ಚೌರಪ್ಪ, ನಾನೇನು ಓಡೋಗ್ತಿದ್ನಾ? ಮೂರು ವರ್ಸದಿಂದ ಇದೇ ಮಂಚದಾಗೆ ಬಿದ್ದಿವ್ನಿ. ಒಂದು ಗಂಟೆ ತಡ ಆದ್ರೆ ದೇವ್ರೇನು ಹಳಸೋಗ್ತಾನಾ? ಮೊದ್ಲು ಹೋಗಿ ಅವನ್ನ ನೋಡು. ಅಲ್ಲೀಗಂಟ ನಂಗೆ ಬ್ಯಾಡ." ಅಷ್ಟು ಹೇಳಿ ಉಫ್ ಎಂದು ಬತ್ತಿ ಆರಿಸಿಬಿಟ್ಟರು!

ನಿಮ್ಮಪ್ಪ ಓಡುವ ಹಾಗೆ ಹೊರಗೆ ಬಂದರು. ಕಿಕ್ ಹೊಡೆದರೆ ಕಾಲು ಜಾರುತ್ತದೆ, ಮತ್ತೆ ಹೊಡೆಯುತ್ತಾರೆ, ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಹೋಗಿ ನೋಡಿದರೆ ಆ ಹಿರಿಯರು ಅಲ್ಲೇ ಇದ್ದರು, ಅವರ ಪಾದ ಊದಿ ತೆಂಗಿನಕಾಯಿ ಆಗಿತ್ತು. ದ್ಯಾವಯ್ಯ ಅಂತ, ಅಲ್ಲೇ ಹತ್ತಿರದ ಹಳ್ಳಿಯವರು, ಡೈರಿಗೆ ಹಾಲು ಒಯ್ಯುತ್ತಿದ್ದರಂತೆ. ನಾವು ಹೋದ ಮೇಲೆ ಎರಡು ಕಾರೂ ಹೋದವಂತೆ, ದೇವಸ್ಥಾನ ನೋಡಲು ಬಂದವರದ್ದು. ಯೆಜ್ಡಿಯ ಸದ್ದು ಅವರು ಮರೆತಿರಲಿಲ್ಲ. "ಆಗ್ಲೇ ಈ ದಾರೀಲಿ ಹೋದ್ರಲ್ಲ, ನೀವೇ ಅಲ್ವಾ?" ಎಂದರು. ನಿಮ್ಮಪ್ಪ ಅವರ ಮುಂದೆ ಮಂಡಿಯೂರಿ ಕೂತು, "ಹೌದು, ನಾನೇ. ತಪ್ಪಾಯ್ತು" ಎಂದರು. ಜೆಸಿಂತಾ, ಮೂವತ್ತೆರಡು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಸಾರಿಗೆ ಅವರೇ ಎರಡು ಸಲ ಉಪ್ಪು ಹಾಕಿದ ದಿನವೂ ತಪ್ಪು ಸಾರಿನದ್ದೇ ಆಗಿತ್ತು. ದ್ಯಾವಯ್ಯನವರು ನೋವಿನಲ್ಲೂ ನಕ್ಕು, "ಬುಡಿ ಸ್ವಾಮಿ, ತಿರುಗಿ ಬಂದ್ರಲ್ಲ" ಎಂದರು. ಅಷ್ಟೇ. ನಿಮ್ಮಪ್ಪನ ಕಣ್ಣು ತುಂಬಿಬಂತು, ನನ್ನದೂ.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಜೀವಮಾನದಲ್ಲಿ ಒಂದು ನಿಯಮವನ್ನೂ ಮುರಿಯದ ನಿಮ್ಮಪ್ಪ, ಜೇಬಿನಲ್ಲಿ ಪ್ರಸಾದ ಇಟ್ಟುಕೊಂಡೇ ತ್ರಿಬಲ್ ರೈಡಿಂಗ್ ಮಾಡಿದರು! ನಡುವೆ ದ್ಯಾವಯ್ಯ, ಹಿಂದೆ ಅವರನ್ನು ತಬ್ಬಿಕೊಂಡು ನಾನು. ನನ್ನ ಹೆಲ್ಮೆಟ್ ಅವರ ತಲೆಗೆ. ಹಳೇಬೀಡಿನಲ್ಲಿ ಪೊಲೀಸ್ ಜೀಪಿನ ಮುಂದೆಯೇ ಹೋದೆವು. ಪೊಲೀಸಿನವರು ನಮ್ಮ ಮೂವರ ಮುದಿ ಮುಖ ನೋಡಿ ಬಾಯಿ ತೆರೆದುಕೊಂಡು ನಿಂತರೇ ಹೊರತು ಕೈ ಅಡ್ಡ ಹಾಕಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ, ಮನೆಯವರಿಗೆ ಫೋನ್ ಮಾಡಿ, ಅವರ ಸೊಸೆ ಬರುವ ತನಕ ಕೂತಿದ್ದೆವು. ಮತ್ತೆ ಹಗರೆಗೆ ಹೋದಾಗ ಹನ್ನೊಂದು ಗಂಟೆ ದಾಟಿತ್ತು. ಪ್ರಸಾದಕ್ಕೆ ಮುಂಚೆ ಏನೂ ಮುಟ್ಟದ ಹಳೇ ಪದ್ಧತಿ ಅಜ್ಜಿಯದು, ಒಂದು ತೊಟ್ಟು ಕಾಫಿ ಕೂಡ ಕುಡಿದಿರಲಿಲ್ಲ. ದ್ಯಾವಯ್ಯನ ಕಾಲಿನ ವರದಿ ಪೂರ್ತಿ ಕೇಳಿದ ಮೇಲೆ ಮತ್ತೆ ಬತ್ತಿ ಹಚ್ಚಿಸಿ, "ಈಗ ಕೊಡು, ಹಸಿವಾಗೈತೆ" ಎಂದರು. ನಿಮ್ಮಪ್ಪ ಈ ಸಲ ಒಂದು ಸಾಲೂ ಬಿಡದೆ ಪ್ರಾರ್ಥನೆ ಹೇಳಿದರು.

ಬೇಲೂರಿನ ಇಬ್ಬರನ್ನೂ ನೋಡಿಕೊಂಡು ಹೊರಟಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ಹಳೇಬೀಡಿಗೆ ನೇರ ರಸ್ತೆ ಇದೆಯಲ್ಲ, ಆದರೆ ನಿಮ್ಮಪ್ಪ ಗಾಡಿಯನ್ನು ಮತ್ತೆ ಹಗರೆ ಕಡೆಗೇ ತಿರುಗಿಸಿದರು. ಮೊಪೆಡ್ ಅಲ್ಲೇ ಇದೆಯೋ ನೋಡಬೇಕು ಎಂಬ ನೆಪ. ಮೊಪೆಡ್ಡನ್ನು ಅವರ ಮನೆಯವರು ಆಗಲೇ ಒಯ್ದಿದ್ದರು. ನಾನು ತಟ್ಟದೆಯೇ ಗಾಡಿ ನಿಲ್ಲಿಸಿ, ಒಣಗಿದ ಹಾಲಿನ ಕಲೆ ನೋಡುತ್ತ ನಿಂತರು. ಪ್ರಸಾದ ಎಲ್ಲ ಕೊಟ್ಟಾಗಿತ್ತು, ಮಾತಾಡಬಹುದಿತ್ತು. ಆಮೇಲೆ ಕೇಳಿದರು: "ಅವತ್ತು ಸ್ಟೇಷನ್ನಿಂದ ಬರೋವಾಗ ನೀನು ಎಷ್ಟು ಸಲ ತಟ್ಟಿದೆ?" ನಾನು ಎರಡು ಎಂದೆ. ಅದೇ ಕಣೇ, ನಿನಗೆ ಗೊತ್ತಿಲ್ಲದ ಆ ಇನ್ನೊಂದು ಸಲ. ನೀನಿದ್ದ ರೈಲು ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ಇತ್ತು, ತಿರುಗಿಸಿದ್ದರೆ ಸಿಗುತ್ತಿದ್ದೆ. ಅವರು "ಹ್ಞೂಂ" ಎಂದು ಗಾಡಿ ಹತ್ತಿದರು. ಮನೆಗೆ ಬಂದು ನಾಲ್ಕು ದಿನವಾಯಿತು, ಅದರ ಮೇಲೆ ಒಂದು ಮಾತೂ ಆಡಿಲ್ಲ. ನಾನಾಗಿ ಕೇಳಿ ಕೆಡಿಸುವುದಿಲ್ಲ. ಆದ್ದರಿಂದ ಸದ್ಯಕ್ಕೆ ನನ್ನ ಹೆಸರು ಕೊಡು, ಪಕ್ಕದ ಜಾಗ ಖಾಲಿ ಬಿಡು. ಮದರ್ ಬೈದರೆ ನನ್ನ ಅಮ್ಮ ಸ್ವಲ್ಪ ಮೊಂಡು ಎಂದು ಹೇಳು.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಪ್ರೀತಿ ತಿಳಿಸು. ಕೊಬ್ಬರಿ ಮಿಠಾಯಿ ತರುತ್ತೇನೆ, ಎಲ್ಲರಿಗೂ ಸಾಲುವಷ್ಟು. ಮಾತೆ ಮರಿಯಮ್ಮನವರು ನಿನ್ನನ್ನು ಮಡಿಲಲ್ಲಿಟ್ಟು ಕಾಪಾಡಲಿ.

ನಿನ್ನ ದಾರಿಯನ್ನೇ ಕಾಯುವ
ಅಮ್ಮ

ತಾ.ಕ.: ಅಂಚೆ ಹೋಗುವ ಹೊತ್ತಾಯಿತೆಂದು ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ನಿಮ್ಮಪ್ಪ ಬಂದು ಕಾಗದ ಕೊಡು ಎಂದು ಕೈ ಚಾಚಿದರು. ಕ್ಯಾಲೆಂಡರಿನ ಹಿಂದಿದ್ದ ನಿನ್ನ ಆಮಂತ್ರಣದ ಲಕೋಟೆ ಒಡೆದಿದ್ದಾರೆ ಕಣೇ! ಮದರ್‌ಗೆ ಎರಡು ಹೆಸರು ಕೊಡು. ಕೆಳಗಿರುವುದು ಅವರದೇ ಅಕ್ಷರ. ಸ್ಟೇಷನ್ ಮಾಸ್ತರರಿಗೆ ಬರೆದ ಹಾಗಿದೆ, ನಗಬೇಡ.

31ನೇ ತಾರೀಕು ಬೆಳಿಗ್ಗೆ 9ಕ್ಕೆ ಯೆಜ್ಡಿಯಲ್ಲಿ ತಲುಪುತ್ತೇವೆ. ಗಾಡಿ ನಿಲ್ಲಿಸಲು ನೆರಳು ಇದೆಯೇ ತಿಳಿಸುವುದು. ಇಲ್ಲದಿದ್ದರೂ ಬರುತ್ತೇವೆ.
ಅಪ್ಪ