ಕಣ್ಣಾಗಿನ ಎಣ್ಣಿ

ಸಿಂಧನೂರು
ತಾ. 14-2-1995

ಲಿಂಗಸುಗೂರಿನ ಅಕ್ಕ ಸಂಗಮ್ಮಗ ತಂಗಿ ಶೇಖರಮ್ಮನ ಶರಣು.

ಮೊದಲು ಒಳ್ಳೆ ಸುದ್ದಿ ಕೇಳು. ನಮ್ಮ ಮನಿಯವರ ಎಡಗಣ್ಣಾಗಿನ ಎಣ್ಣಿ ಕಡೀಕೂ ತೆಗದ್ರು. ಇವತ್ತಿಗೆ ಇಪ್ಪತ್ತು ದಿನ ಆತು. ಆ ಹಟಮಾರಿ ಮನಷ್ಯಾನ್ನ ಹೈದರಾಬಾದಿನ ದವಾಖಾನಿತನಕ ಹ್ಯಾಂಗ ಎಬ್ಬಿಸಿಕೊಂಡು ಹೋದಿ ಅಂತ ಕೇಳಿದ್ದಿ. ಹೇಳತೀನಿ, ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ, ಅಪ್ಪನ ಆಣಿ ಐತಿ.

ಹೋದ ವರ್ಷ ನಮ್ಮ ಎಣ್ಣಿ ಗಿರಣಿ ಬೆಲ್ಟು ಹರಿದು ಮುಖಕ್ಕ ಬಡದು ಕಣ್ಣಿನ ಪರದಿ ಕಳಚಿತ್ತಲ್ಲ, ಅದು ಒಳಗ ಅಂಟಿ ಕೂಡಲಿ ಅಂತ ಹೈದರಾಬಾದಿನ ಡಾಕ್ಟರು ಒಂದು ನಮೂನಿ ಎಣ್ಣಿ ತುಂಬಿ, ಬೋರಲು ಮಲಗಬೇಕು, ನಾಲ್ಕು ತಿಂಗಳಿಗೆ ಬಂದು ತೆಗಸಬೇಕು ಅಂದಿದ್ರು. ಬೋರಲು ಮಲಗಿದ್ದೇನೋ ಮಲಗಿದ್ರವ್ವಾ! ಮಂಚದ ತುದಿಗೆ ಮುಖ ಜೋತು ಬಿಟ್ಟು, ಬಂದ ಗಿರಾಕಿಯ ಕಾಲು ನೋಡೇ ಗುರುತು ಹಿಡಿದು ಶೇಂಗಾ ಹಿಂಡಿ ಮಾರಿದ್ರು. ಒಂದಿನ ನನ್ನ ಕಾಲು ನೋಡಿ, ಹಿಂಡಿ ಮುಗದೈತಿ, ನಾಳೆ ಬಾ ಯವ್ವಾ ಅಂದ್ರು. ಇಪ್ಪತ್ತು ವರ್ಷ ಸಂಸಾರ ಮಾಡೀನಿ ಈ ಗಂಡನ ಕೂಡ!

ಎಣ್ಣಿ ತೆಗಸೋ ಮಾತು ಬಂದಾಗ ಮಾತ್ರ ಕತ್ತೆ ಹಟ. ಮೂರು ತಲಿಯಿಂದ ಗಾಣದ ಮನಿ ನಮ್ದು, ಎಣ್ಣಿ ವಿಷಯ ಡಾಕ್ಟರ ಕಡಿಂದ ಕಲೀಬೇಕೇನು ಅಂದ್ರು. ಉಪ್ಪಿನಕಾಯಿ ಮ್ಯಾಲ ಎಣ್ಣಿ ನಿಂತಷ್ಟು ದಿನ ಅದು ಕೆಡಂಗಿಲ್ಲ, ಕಣ್ಣೂ ಹಂಗ ಅಂದ್ರು. ಎಂಟು ತಿಂಗಳಾತು. ಕಣ್ಣು ಕೆಂಪಗಾಗಿ ತಲಿಶೂಲಿ ಹತ್ತಿತು. ರಾಯಚೂರಿನ ಡಾಕ್ಟರು ನೋಡಿ, ಎಣ್ಣಿ ಒಡದು ಹನಿಹನಿ ಆಗೈತಿ, ಕಣ್ಣಾಗ ಒತ್ತಡ ಏರೈತಿ, ಒಳಗಿನ ನರ ಸತ್ತರ ಹೋದ ನೋಟ ತಿರುಗಿ ಬರಂಗಿಲ್ಲ ಅಂದ್ರು. ಕಣ್ಣೀರು ಹಾಕಿದೆ, ಬೈದೆ, ಉಪಾಸ ಕುಂತೆ. ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ.

ಕಡೀಕ ಒಂದು ಸುಳ್ಳು ಹೇಳಿದೆ. ರೇಶನ್ ಅಂಗಡಿಗೆ ಪಾಮೋಲಿನ್ ಎಣ್ಣಿ ಬಂದಾಗಿಂದ ನಮ್ಮ ಶೇಂಗಾ ಎಣ್ಣಿ ಕೇಳೋರು ಕಡಿಮಿ ಆಗ್ಯಾರ. ಆ ಹೆಸರು ತೆಗದ್ರ ಸಾಕು, ಇವರಿಗೆ ಮೈ ಉರೀತೈತಿ. ಉಣ್ಣಾಕ ಕುಂತಾಗ ಮೆಲ್ಲಕ, ನಿಮ್ಮ ಕಣ್ಣಾಗ ತುಂಬಿದ್ದು ರೇಶನ್ ಪಾಮೋಲಿನ್ ಅಂತ, ಕಂಪೌಂಡರ್ ನನ್ನ ಮುಂದ ಹೇಳ್ಯಾನ ಅಂದೆ. ಅಂಥ ಕಂಪೌಂಡರ್ ಇನ್ನೂ ಹುಟ್ಟೇ ಇಲ್ಲವ್ವ. ಇವರು ರೊಟ್ಟಿ ಬಿಟ್ಟು ಎದ್ದು, ನನ್ನ ಕಣ್ಣಾಗ ಪಾಮೋಲಿನ್ನಾ ಅಂತ ಒದರಿದ್ದು ಬಸ್‌ಸ್ಟ್ಯಾಂಡಿನತನಕ ಕೇಳಿರಬೇಕು. ಮರುದಿನ ಹೈದರಾಬಾದ್ ಬಸ್ಸಿನಾಗ ನನಗಿಂತ ಮೊದಲು ಹತ್ತಿ ಕುಂತಿದ್ರು. ತೆಗದ ಎಣ್ಣಿ ಸೀಸೆದಾಗ ಬೇಡಿ ಇಸಗೊಂಡು, ಮೂಸಿ ನೋಡಿ, ವಾಸನೀನೇ ಇಲ್ಲ, ಶುದ್ಧ ಕಲಬೆರಕಿ ಅಂದ್ರು. ಡಾಕ್ಟರು ನನ್ನ ಮುಖ ನೋಡಿದ್ರು, ನಾ ನೆಲ ನೋಡಿದೆ.

ಈಗಿನ ಪಜೀತಿ ಏನಂದ್ರ, ಆ ದವಾಖಾನ್ಯಾಗ ಕಣ್ಣಿಗೆ ಪಾಮೋಲಿನ್ ತುಂಬತಾರ ಅಂತ ಗಿರಣಿಗೆ ಬಂದೋರಿಗೆಲ್ಲ ಹೇಳಾಕತ್ತಾರ. ನೆರಮನಿ ಖಾತೂನ್‌ಬೀ ಕಣ್ಣಿನ ಪೊರಿ ತೆಗಸಾಕ ಅದೇ ದವಾಖಾನಿಗೆ ಹೋಗೋಳಿದ್ಲು, ಅಂಜಿ ಕುಂತಳು. ನಿನ್ನೆ ಅಕಿ ಮುಂದ ಖರೆ ಹೇಳಿ ಬಂದೆ. ಹೊಟ್ಟಿ ಹಿಡಕೊಂಡು ನಕ್ಕು, ಹೋಗತೀನಿ ಅಂದ್ಲು. ಇವರಿಗೆ ಹೇಳೋ ಧೈರ್ಯ ಮಾತ್ರ ನನಗಿಲ್ಲ. ಅದಕ್ಕಿಂತ ದೊಡ್ಡ ಭಯ, ಆ ಕಣ್ಣು ಉಳದೈತೋ ಇಲ್ಲೋ ತಿಳೀವಲ್ದು. ಒಳ್ಳೆ ಕಣ್ಣು ಮುಚ್ಚಿ ನೋಡ್ರಿ ಅಂದ್ರ ಎದ್ದು ಹೋಗತಾರ. ತಡಾ ಮಾಡಿದ್ವೇನೋ ಅಂತ ಜೀವ ಹಿಂಡತೈತಿ, ಅಕ್ಕಾ.

ನಿನ್ನ ತಂಗಿ
ಶೇಖರಮ್ಮ

ತಾ.ಕ.: ಅಕ್ಕಾರ, ಇದು ನಿಮ್ಮ ತಂಗಿ ಗಂಡ ಅಮರಗುಂಡಪ್ಪ ಬರಿಯೋದು. ಅಕಿ ಲಕೋಟಿ ಅಂಟಸಾಕ ಗೋಂದು ತರಾಕ ಹೋಗ್ಯಾಳ. ನಾನೂ ಅಂಜಿ ಇಷ್ಟು ದಿನ ಒಳ್ಳೆ ಕಣ್ಣು ಮುಚ್ಚಿ ನೋಡಿರಲಿಲ್ಲ. ಈ ಕಾಗದದಾಗ ಅಕಿ ಭಯ ಓದಿದ ಮ್ಯಾಲ ಬಲಗಣ್ಣು ಅಂಗೈಲೆ ಮುಚ್ಚಿ, ಹೊಸ ಕನ್ನಡಕ ಹಾಕ್ಕೊಂಡು, ಮೊದಲಿಂದ ಮತ್ತ ಓದಿದೆ. ತಡವರಿಸಿದೆ, ಆದ್ರ ಎಲ್ಲಾ ಅಕ್ಷರ ಕಂಡ್ವು. ಕಣ್ಣು ಬಂದೈತಿ ಅಂತ ಇವತ್ತೇ ಅಕಿಗೆ ಹೇಳತೀನಿ. ಗಿರಾಕಿಗಳಿಗೆ, ಪಾಮೋಲಿನ್ ಅಂದದ್ದು ನಂದೇ ತಪ್ಪು ತಿಳುವಳಿಕಿ ಅಂತ ಹೇಳತೀನಿ. ಏನು ಓದಿದೆ ಅನ್ನೋದು ಮಾತ್ರ ಅಕಿಗೆ ಹೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ.