ಅಮ್ಮ ನೆನೆಸಿಟ್ಟ ಚಾರ್ ಸಿಯು

ನವೆಂಬರ್ ೧೪, ಗುರುವಾರ. ಹಾಂಗ್‌ಕಾಂಗ್.

ಫ್ರಿಜ್ಜಿನಲ್ಲಿ ಆ ಡಬ್ಬಿ ಇನ್ನೂ ಇತ್ತು. ಚಾರ್ ಸಿಯು ಸುಡೋಣ ಅಂತ ಅಮ್ಮ ಸೋಮವಾರ ಸೋಯಾ ಸಾಸು, ಸಕ್ಕರೆಯಲ್ಲಿ ನೆನೆಸಿಟ್ಟ ಹಂದಿಮಾಂಸ. ಮಂಗಳವಾರ ಬೆಳಿಗ್ಗೆ ಅಮ್ಮ ಏಳಲೇ ಇಲ್ಲ.

"ಸೂತಕದ ಮನೇಲಿ ಮಾಂಸಾನಾ? ಬಿಸಾಕ್ಬಿಡಕ್ಕ," ಅಂದ ತಮ್ಮ ಕಿನ್‌ಹೋ.

"ಅಮ್ಮ ಮಾಡಿಟ್ಟಿದ್ದು ಕಣೋ."

ಓವನ್ನಿಗಿಟ್ಟೆ. ಅಂಚು ಕರಕಾಗುವ ಹೊತ್ತಿಗೆ ಜೇನು ಸವರಿದೆ. ಅಳು ಬರಲಿಲ್ಲ, ಕೈ ಮಾತ್ರ ಕೆಲಸ ಮಾಡುತ್ತಿತ್ತು.

ನಾನು ಏನೇ ಎದುರು ಮಾತಾಡಿದರೂ ಅಮ್ಮ, "ನಿನ್ನ ಬದಲು ಒಂದು ತುಂಡು ಚಾರ್ ಸಿಯು ಹೆತ್ತಿದ್ರೆ ತಿನ್ನಕ್ಕಾದ್ರೂ ಆಗ್ತಿತ್ತು," ಅಂತ ಬೈಯೋಳು.

ಬೇಡ ಅಂದವನೇ ಮೊದಲ ತುಂಡು ಎತ್ತಿಕೊಂಡ. ನಾನೂ ಬಾಯಿಗಿಟ್ಟೆ. ಉಪ್ಪು ಜಾಸ್ತಿ.

"ಉಪ್ಪು ಕಮ್ಮಿ ಹಾಕು ಅಂತ ಎಷ್ಟು ಸಲ ಹೇಳೋದಮ್ಮ?" ಅಂದುಬಿಟ್ಟೆ, ಅಡುಗೆಮನೆ ಕಡೆ ತಿರುಗಿ, ಎಂದಿನ ಹಾಗೆ.

ಕಿನ್‌ಹೋ ಅಗಿಯುವುದನ್ನು ನಿಲ್ಲಿಸಿದ. ಇಬ್ಬರೂ ಬೈಗುಳಕ್ಕೆ ಕಾಯುತ್ತಾ ಕೂತೆವು.